ರೆಸಲ್ಯೂಷನ್ ಇಳಿಸಿದರೆ ನೆರಳು ಹಗುರಾಗುತ್ತದೆಯೇ?

ಪ್ರಶ್ನೆ: 4 ಜಿಬಿ ಗ್ರಾಫಿಕ್ಸ್ ಕಾರ್ಡಿನಲ್ಲಿ ಜಿಟಿಎ 5 ಗೇಮು ಆಡುತ್ತೇನೆ, ರೆಸಲ್ಯೂಷನ್ 1080ಪಿ. ಶ್ಯಾಡೋ ಕ್ವಾಲಿಟಿ (ನೆರಳಿನ ಗುಣಮಟ್ಟ) ಎಷ್ಟಕ್ಕೆ ಇಡಲಿ?

'ಹೈ'ಗೆ ಇಡಿ. ಸಾಫ್ಟ್ ಶ್ಯಾಡೋಸ್ 'ಸಾಫ್ಟ್' ಸಾಕು. ಅಡ್ವಾನ್ಸ್ಡ್ ಗ್ರಾಫಿಕ್ಸ್ ಪುಟದಲ್ಲಿ ಲಾಂಗ್ ಶ್ಯಾಡೋಸ್, ಹೈ ರೆಸಲ್ಯೂಷನ್ ಶ್ಯಾಡೋಸ್ ಎರಡೂ ಆಫ್. ಎಕ್ಸ್‌ಟೆಂಡೆಡ್ ಶ್ಯಾಡೋಸ್ ಡಿಸ್ಟೆನ್ಸ್ ಸೊನ್ನೆ.

ಇಷ್ಟು ಹೇಳಿದ ಮೇಲೆ ತಪ್ಪದೆ ಬರುವ ಮಾತೊಂದಿದೆ: "720ಪಿಗೆ ಇಳಿಸಿದರೆ ನೆರಳೂ ಹಗುರಾಗುತ್ತಲ್ಲ, ಆಗ ವೆರಿ ಹೈ ಇಡಬಹುದಲ್ಲ?"

ಆಗುವುದಿಲ್ಲ. ಎಷ್ಟು ಸಲ ಹೇಳಿದರೂ ಈ ನಂಬಿಕೆ ಸಾಯುತ್ತಿಲ್ಲ, ಇನ್ನೊಮ್ಮೆ ಹೇಳುತ್ತೇನೆ. ಗೇಮು ನೆರಳನ್ನು ನೇರವಾಗಿ ನಿಮ್ಮ ಪರದೆಯ ಮೇಲೆ ಬರೆಯುವುದಿಲ್ಲ. ಮೊದಲು ಸೂರ್ಯನ ಕಡೆಯಿಂದ ಊರನ್ನು ನೋಡಿ, ಯಾವ ವಸ್ತು ಎಷ್ಟು ದೂರದಲ್ಲಿದೆ ಎಂಬುದನ್ನು ಒಂದು ಚೌಕದಲ್ಲಿ ಗುರುತು ಹಾಕಿಕೊಳ್ಳುತ್ತದೆ. ಅದೇ ಶ್ಯಾಡೋ ಮ್ಯಾಪ್, 1978ರಲ್ಲಿ ಲ್ಯಾನ್ಸ್ ವಿಲಿಯಮ್ಸ್ ಮಂಡಿಸಿದ ಉಪಾಯ. ಆ ಚೌಕದ ಅಳತೆಗೂ ನಿಮ್ಮ ಮಾನಿಟರಿಗೂ ಸಂಬಂಧವೇ ಇಲ್ಲ. ಬದಿಗೆ 2048 ಪಿಕ್ಸೆಲ್ ಇರುವ ಚೌಕಕ್ಕೆ, ಪಿಕ್ಸೆಲ್ಲಿಗೆ 4 ಬೈಟಿನಂತೆ, ಕಾರ್ಡಿನ ಮೆಮೊರಿಯಲ್ಲಿ 16 ಎಂಬಿ ಬೇಕು. 4096 ಮಾಡಿದರೆ 32 ಅಲ್ಲ, 64 ಎಂಬಿ. ಹತ್ತಿರಕ್ಕೊಂದು, ದೂರಕ್ಕೊಂದು ಎಂದು ಇಂಥವು ಮೂರು ನಾಲ್ಕು ಬೇಕು. ಪ್ರತಿಯೊಂದಕ್ಕೂ ಅದರ ವ್ಯಾಪ್ತಿಯಲ್ಲಿರುವ ಮರ, ಕಾರು, ಕಂಬಗಳನ್ನು ಮತ್ತೆ ಬರೆಯಬೇಕು. ಬರೆ ಎಂದು ಕಾರ್ಡಿಗೆ ಆಜ್ಞೆ ಕೊಡುವ ಕೆಲಸ ಸಿಪಿಯುವಿನದು. 720ಪಿಗೆ ಇಳಿಸಿದರೆ ಕಡಿಮೆಯಾಗುವುದು ನೆರಳಿನ ಅಂಚನ್ನು ಮೃದು ಮಾಡುವ ಖರ್ಚು, ಅದೊಂದು ಮಾತ್ರ ಪರದೆಯ ಪಿಕ್ಸೆಲ್ ಲೆಕ್ಕದಲ್ಲಿ ನಡೆಯುತ್ತದೆ.

ನಂಬಿಕೆ ಬರದಿದ್ದರೆ ವಿ-ಸಿಂಕ್ (ಗೇಮಿನ ವೇಗವನ್ನು ಮಾನಿಟರಿನ ವೇಗಕ್ಕೆ ಕಟ್ಟಿಹಾಕುವ ಸೆಟ್ಟಿಂಗ್) ಆಫ್ ಮಾಡಿ, ಗೇಮಿನಲ್ಲೇ ಇರುವ ಬೆಂಚ್‌ಮಾರ್ಕನ್ನು, ಅಂದರೆ ವೇಗ ಪರೀಕ್ಷೆಯನ್ನು, ಎರಡು ಸಲ ಓಡಿಸಿ, ರೆಸಲ್ಯೂಷನ್ ಒಂದನ್ನೇ ಬದಲಿಸಿ. ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ಕದಲದಿದ್ದರೆ ತಡೆ ಇರುವುದು ಸಿಪಿಯುವಿನಲ್ಲಿ. ಆಗ ಇಳಿಸಬೇಕಾದ್ದು ನೆರಳಿನ ದೂರ ಮತ್ತು ಜನಸಂದಣಿಯ ಸ್ಲೈಡರ್.

ಯಾರೂ ಕೇಳದಿದ್ದರೂ ಇನ್ನೊಂದು: ಕೆಲವು ಗೇಮುಗಳಲ್ಲಿ ಪಾತ್ರದ ಪಾದಕ್ಕೂ ನೆರಳಿಗೂ ನಡುವೆ ಸಂದು ಕಾಣುತ್ತದೆ, ಗಾಳಿಯಲ್ಲಿ ನಿಂತ ಹಾಗೆ. ಮ್ಯಾಪಿನ ಪಿಕ್ಸೆಲ್ ಒರಟಾಗಿದ್ದರೆ ಬಿಸಿಲು ಬಿದ್ದ ನೆಲವೇ ತನ್ನ ಮೇಲೆ ತಾನು ನೆರಳು ಹಾಕಿಕೊಂಡು ಪಟ್ಟೆ ಪಟ್ಟೆಯಾಗುತ್ತದೆ. ಅದನ್ನು ತಪ್ಪಿಸಲು ಗೇಮು ಮಾಡಿದವರು ದೂರದ ಲೆಕ್ಕಕ್ಕೆ ಬಯಾಸ್ ಎಂದು ಒಂದಿಷ್ಟು ಸೇರಿಸುತ್ತಾರೆ. ಅದು ಹೆಚ್ಚಾದರೆ ನೆರಳು ಪಾದದಿಂದ ಆಚೆ ಜಾರುತ್ತದೆ. ಇದಕ್ಕಾಗಿ ಡ್ರೈವರ್ ಮತ್ತೆ ಹಾಕಬೇಡಿ, ಕಾರ್ಡನ್ನು ಅಂಗಡಿಗೂ ಹೊರಬೇಡಿ.