ಪ್ರತಿಕಾಯ ಗುರುತಿಸುವುದು ಆಕಾರವನ್ನು: ಆರ್‌ಎಸ್‌ವಿ ಲಸಿಕೆ ಕಲಿಸಿದ ಪಾಠ

1966ರ ಆಸುಪಾಸಿನಲ್ಲಿ ಅಮೆರಿಕದ ವಾಷಿಂಗ್ಟನ್ ನಗರದಲ್ಲಿ ಎಳೆಯ ಮಕ್ಕಳಿಗೆ ಆರ್‌ಎಸ್‌ವಿ ಎಂಬ ಶ್ವಾಸಕೋಶದ ವೈರಸ್ಸಿನ ವಿರುದ್ಧ ಲಸಿಕೆಯೊಂದನ್ನು ಪ್ರಾಯೋಗಿಕವಾಗಿ ಕೊಡಲಾಯಿತು. ವೈರಸ್ಸನ್ನು ಫಾರ್ಮಾಲಿನ್‌ನಿಂದ ನಿಷ್ಕ್ರಿಯಗೊಳಿಸಿ ತಯಾರಿಸಿದ್ದ ಲಸಿಕೆ ಅದು. ಆದರೆ ಲಸಿಕೆ ಪಡೆದ ಮಕ್ಕಳಿಗೆ ಮುಂದೆ ಸೋಂಕು ತಗುಲಿದಾಗ ಕಾಯಿಲೆ ಇನ್ನಷ್ಟು ಉಲ್ಬಣಿಸಿತು. ಸೋಂಕು ತಗುಲಿದ 20 ಮಕ್ಕಳಲ್ಲಿ 16 ಮಂದಿ ಆಸ್ಪತ್ರೆ ಸೇರಿದರು, ಇಬ್ಬರು ತೀರಿಕೊಂಡರು. ಅವರ ರಕ್ತದಲ್ಲಿ ಪ್ರತಿಕಾಯಗಳು, ಅಂದರೆ ರೋಗಾಣುವಿಗೆ ಅಂಟಿಕೊಳ್ಳಲು ದೇಹ ತಯಾರಿಸುವ ರಕ್ಷಕ ಪ್ರೋಟೀನುಗಳು, ಇದ್ದವು; ವೈರಸ್ಸನ್ನು ತಡೆಯುವ ಶಕ್ತಿ ಮಾತ್ರ ಅವುಗಳಲ್ಲಿ ತೀರಾ ಕಡಿಮೆಯಿತ್ತು.

ಇದರ ಒಂದು ಮುಖ್ಯ ಕಾರಣ ವೈರಸ್ಸಿನ ಹೊರಮೈಯಲ್ಲಿರುವ ಎಫ್ ಪ್ರೋಟೀನಿನಲ್ಲಿದೆ. ಕೊಕ್ಕೆ ಹಾಕಿಟ್ಟ ಇಲಿಬೋನಿನಂತೆ ಅದು ಶಕ್ತಿಯನ್ನು ಹಿಡಿದಿಟ್ಟುಕೊಂಡು ಗಿಡ್ಡಾಗಿ ಕುಳಿತಿರುತ್ತದೆ. ಜೀವಕೋಶದ ಪೊರೆಯೊಂದಿಗೆ ವೈರಸ್ಸನ್ನು ಬೆಸೆಯುವಾಗ ಚಿಮ್ಮಿ, ಉದ್ದನೆಯ ಈಟಿಯಾಕಾರಕ್ಕೆ ಬದಲಾಗುತ್ತದೆ, ಮತ್ತೆ ಹಿಂದಿರುಗುವುದಿಲ್ಲ. ಪ್ರೋಟೀನಿನ ಇಟ್ಟಿಗೆಗಳಾದ ಅಮೈನೋ ಆಮ್ಲಗಳ ಸರಪಳಿ ಎರಡು ಆಕಾರಗಳಲ್ಲೂ ಒಂದೇ. ಆದರೆ ಪ್ರತಿಕಾಯ ಸರಪಳಿಯನ್ನು ಓದುವುದಿಲ್ಲ. ಮಡಿಕೆಗಳಿಂದಾಗಿ ಸರಪಳಿಯ ಬೇರೆಬೇರೆ ಭಾಗಗಳು ಅಕ್ಕಪಕ್ಕ ಬಂದು ರೂಪುಗೊಂಡ ಸಣ್ಣ ಮೇಲ್ಮೈಗೆ ಅಂಟಿಕೊಳ್ಳುತ್ತದೆ. ಅತ್ಯಂತ ಸಮರ್ಥ ಪ್ರತಿಕಾಯಗಳು ಹಿಡಿಯುವ ನೆತ್ತಿಯ ಭಾಗ ಗಿಡ್ಡ ಆಕಾರದಲ್ಲಿ ಮಾತ್ರ ಇರುತ್ತದೆ, ಚಿಮ್ಮಿದ ಮೇಲೆ ಚದುರಿಹೋಗುತ್ತದೆ. ಹಳೆಯ ಲಸಿಕೆಯಲ್ಲಿದ್ದ ಎಫ್ ಬಹುಪಾಲು ಚಿಮ್ಮಿ ಮುಗಿದದ್ದಾಗಿತ್ತು. ದುರಂತಕ್ಕೆ ಟಿ ಕೋಶಗಳೆಂಬ ರೋಗನಿರೋಧಕ ಬಿಳಿ ರಕ್ತಕಣಗಳ ದಾರಿತಪ್ಪಿದ ಪ್ರತಿಕ್ರಿಯೆಯೂ ಕಾರಣವಾಗಿತ್ತೆಂಬುದನ್ನು ಇಲ್ಲಿ ಹೇಳಲೇಬೇಕು.

2013ರಲ್ಲಿ ಜೇಸನ್ ಮೆಕ್‌ಲೆಲನ್, ಪೀಟರ್ ಕ್ವಾಂಗ್, ಬಾರ್ನಿ ಗ್ರಹಾಂ ಮತ್ತು ಸಂಗಡಿಗರು ಈ ಗಿಡ್ಡ ಆಕಾರದ ರಚನೆಯನ್ನು ಪರಮಾಣು ಮಟ್ಟದಲ್ಲಿ ಕಂಡುಕೊಂಡರು. ಅಷ್ಟಕ್ಕೇ ನಿಲ್ಲದೆ, ಎರಡು ಜಾಗಗಳಲ್ಲಿ ಗಂಧಕವಿರುವ ಸಿಸ್ಟೀನ್ ಎಂಬ ಅಮೈನೋ ಆಮ್ಲವನ್ನು ಇಟ್ಟು ಗಂಧಕದ ಬಂಧವೊಂದನ್ನು ಬೆಸೆದರು, ಒಳಗಿನ ಪೊಳ್ಳನ್ನು ದಪ್ಪ ಅಮೈನೋ ಆಮ್ಲಗಳಿಂದ ತುಂಬಿದರು; ಪ್ರೋಟೀನು ಚಿಮ್ಮದೆ ನಿಂತಿತು. ರಚನೆಯನ್ನು ನೋಡಿ ಲಸಿಕೆಯನ್ನು ಕಟ್ಟಬಹುದೆಂಬುದಕ್ಕೆ ಇದಕ್ಕಿಂತ ಸೊಗಸಾದ ಉದಾಹರಣೆ ನನಗೆ ತಿಳಿದಿಲ್ಲ. ಈ ದಾರಿಯಲ್ಲೇ ಬಂದ ಲಸಿಕೆಗಳಿಗೆ 2023ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು.

ಕೊರೊನಾ ವೈರಸ್ಸಿನ ಸ್ಪೈಕ್ ಪ್ರೋಟೀನಿಗೂ ಇದೇ ಉಪಾಯ ಒದಗಿತು: ಸರಪಳಿಯ 986 ಮತ್ತು 987ನೇ ಸ್ಥಾನಗಳಲ್ಲಿ ಪ್ರೋಲೀನ್ ಎಂಬ ಅಮೈನೋ ಆಮ್ಲವನ್ನು ಇಟ್ಟು ಫೈಜರ್ ಹಾಗೂ ಮೊಡೆರ್ನಾ ಲಸಿಕೆಗಳಲ್ಲಿ ಅದನ್ನು ಬಿಗಿಗೊಳಿಸಲಾಯಿತು. ನಮ್ಮಲ್ಲಿ ಹೆಚ್ಚಾಗಿ ಬಳಕೆಯಾದ ಕೋವಿಶೀಲ್ಡ್‌ನಲ್ಲಿ ಈ ಮಾರ್ಪಾಡು ಇರಲಿಲ್ಲ. ಆದರೂ ಆ ಬಗೆಯ ಲಸಿಕೆಯಿಂದ ಜೀವಕೋಶಗಳು ತಯಾರಿಸಿ ತಮ್ಮ ಹೊರಮೈಯಲ್ಲಿ ನಿಲ್ಲಿಸಿದ ಸ್ಪೈಕ್‌ಗಳು ಬಹುಪಾಲು ಚಿಮ್ಮದ ಆಕಾರದಲ್ಲೇ ಇದ್ದದ್ದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳಲ್ಲಿ ಕಂಡುಬಂದಿದೆ.