ಕಾರ್ಟನ್ ಡಿ ವಿಯಾರ್ಟ್: ಹೆಸರಿನ ಕೊನೆಯ ಅಕ್ಷರಗಳನ್ನು ಓದುವುದು ಹೇಗೆ

ಬ್ರಿಟಿಷ್ ಸೇನಾಧಿಕಾರಿ ಏಡ್ರಿಯನ್ ಕಾರ್ಟನ್ ಡಿ ವಿಯಾರ್ಟ್ ಬಗ್ಗೆ ಹುಡುಕಿದರೆ ಮೊದಲು ಸಿಗುವುದು ಒಂದು ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿದ ಫೋಟೊ, ಜೊತೆಗೆ ಎಷ್ಟು ಗುಂಡು ಬಿದ್ದರೂ ಸಾಯಲಿಲ್ಲ ಅನ್ನೋ ಕಥೆಗಳು. ಕಥೆಗಳೇನೋ ಚೆನ್ನಾಗಿವೆ. ಆದರೆ ಓದುವ ನಮಗೆ ಬೇಕಾದದ್ದು ಅವರ ಹೆಸರಿನ ಕೊನೆಯಲ್ಲಿರುವ, ಸಿಕ್ಕ ಗೌರವಗಳನ್ನು ಹೇಳುವ ಸಾಲು: ವಿ.ಸಿ. (ವಿಕ್ಟೋರಿಯಾ ಕ್ರಾಸ್, ಶೌರ್ಯಕ್ಕೆ), ಕೆ.ಬಿ.ಇ. (ಆರ್ಡರ್ ಆಫ್ ದಿ ಬ್ರಿಟಿಷ್ ಎಂಪೈರ್‌ನ ನೈಟ್ ಕಮಾಂಡರ್), ಸಿ.ಬಿ. (ಆರ್ಡರ್ ಆಫ್ ದಿ ಬಾತ್‌ನ ಕಂಪ್ಯಾನಿಯನ್), ಸಿ.ಎಂ.ಜಿ. (ಆರ್ಡರ್ ಆಫ್ ಸೇಂಟ್ ಮೈಕೆಲ್ ಅಂಡ್ ಸೇಂಟ್ ಜಾರ್ಜ್‌ನ ಕಂಪ್ಯಾನಿಯನ್), ಡಿ.ಎಸ್.ಒ. (ಡಿಸ್ಟಿಂಗ್ವಿಶ್ಡ್ ಸರ್ವಿಸ್ ಆರ್ಡರ್).

ಈ ಸಾಲು ಇಸವಿಯ ಪ್ರಕಾರ ಇಲ್ಲ. ಯಾವುದು ಹಿರಿದೋ ಅದು ಮೊದಲು. ವಿ.ಸಿ. ಬಿಟ್ಟು ಉಳಿದವನ್ನು ಬಲದಿಂದ ಎಡಕ್ಕೆ ಓದಿ, ಅವು ಸಿಕ್ಕ ಇಸವಿಗಳನ್ನು ನೋಡಿ: 1915, 1918, 1919, 1945. ಅಂದರೆ ಸೇನೆಯಲ್ಲಿ ಅವರ ದರ್ಜೆ ಏರುತ್ತಾ ಹೋದಂತೆ ಗೌರವವೂ ಏರಿದೆ. ಅದನ್ನು ಮುರಿಯುವುದು ವಿ.ಸಿ. ಒಂದೇ. ಅದು ಬಂದದ್ದು 1916ರಲ್ಲಿ, ಕೂತಿದ್ದು ಎಲ್ಲಕ್ಕಿಂತ ಮುಂದೆ.

ಹಿನ್ನೆಲೆ ಬೇಗ ಮುಗಿಸೋಣ. ಹುಟ್ಟಿದ್ದು 1880, ಬ್ರಸೆಲ್ಸ್‌ನಲ್ಲಿ. ಆಕ್ಸ್‌ಫರ್ಡ್ ಓದು ಅರ್ಧಕ್ಕೇ ಬಿಟ್ಟು, ಸುಳ್ಳು ಹೆಸರು, ಸುಳ್ಳು ವಯಸ್ಸು ಹೇಳಿ ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧಕ್ಕೆ ಹೋದರು. 1901ರಲ್ಲಿ 4ನೇ ಡ್ರಾಗೂನ್ ಗಾರ್ಡ್ಸ್ ಅನ್ನೋ ಕುದುರೆ ಸವಾರರ ರೆಜಿಮೆಂಟಿನಲ್ಲಿ ಅಧಿಕಾರಿಯಾದರು. ಸ್ವಲ್ಪ ಕಾಲ ಭಾರತದಲ್ಲೂ ಇದ್ದರು. ಬ್ರಿಟಿಷ್ ಪ್ರಜೆ ಆಗಿದ್ದು ಮಾತ್ರ 1907ರಲ್ಲಿ.

ಡಿ.ಎಸ್.ಒ. ಸಿಕ್ಕಿದ್ದು ಪೂರ್ವ ಆಫ್ರಿಕಾದ ಸೊಮಾಲಿಲ್ಯಾಂಡ್ ಕಾರ್ಯಾಚರಣೆಗೆ. 1914ರ ನವೆಂಬರ್‌ನಲ್ಲಿ ಒಂಟೆ ದಳದ ಜೊತೆ ಶಿಂಬರ್ ಬೆರಿಸ್ ಕೋಟೆಯ ಮೇಲೆ ದಾಳಿ ಮಾಡಿದಾಗ ಮುಖಕ್ಕೆ ಗುಂಡು ಬಿದ್ದು ಎಡಗಣ್ಣು ಹೋಯಿತು. 1886ರಲ್ಲಿ ಶುರುವಾದ ಈ ಗೌರವ 1993ರವರೆಗೆ ಅಧಿಕಾರಿಗಳಿಗೆ ಮಾತ್ರ ಇತ್ತು, ಯುದ್ಧದಲ್ಲಿ ಪಡೆಯನ್ನು ಚೆನ್ನಾಗಿ ನಡೆಸಿದ್ದಕ್ಕೂ ಕೊಡುತ್ತಿದ್ದರು. ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರಿಗೆ ಎರಡನೇ ಮಹಾಯುದ್ಧದಲ್ಲಿ, ಬರ್ಮಾದಲ್ಲಿ ಸಿಕ್ಕಿದ್ದೂ ಇದೇ ಡಿ.ಎಸ್.ಒ.

1915ರಲ್ಲಿ ಬೆಲ್ಜಿಯಂನ ಈಪ್ರ್ ಬಳಿ ಎಡಗೈ ಛಿದ್ರವಾಯಿತು. ಡಾಕ್ಟರು ಬೆರಳು ತೆಗೆಯಲು ಒಪ್ಪದಿದ್ದಾಗ ತಾವೇ ಕಿತ್ತುಹಾಕಿದ್ದಾಗಿ ಅವರೇ ಬರೆದುಕೊಂಡಿದ್ದಾರೆ. ಆಮೇಲೆ ಕೈಯನ್ನೇ ತೆಗೆಯಬೇಕಾಯಿತು. ಇಲ್ಲಿ ಒಂದು ಗೊಂದಲ ಜಾಸ್ತಿ ಜನಕ್ಕೆ ಆಗುತ್ತದೆ. ಅಮೆರಿಕದಲ್ಲಿ ಗಾಯಗೊಂಡವರಿಗೆ ಪರ್ಪಲ್ ಹಾರ್ಟ್ ಇದೆ, ಬ್ರಿಟನ್‌ನಲ್ಲಿ ಅಂಥ ಪದಕ ಇಲ್ಲ. 1916ರಿಂದ ತೋಳಿನ ಮೇಲೆ ಒಂದು ಚಿಕ್ಕ ಚಿನ್ನದ ಬಣ್ಣದ ಪಟ್ಟಿ ಹೊಲಿದುಕೊಳ್ಳುತ್ತಿದ್ದರು, ಅಷ್ಟೇ. ಕಣ್ಣು, ಕೈ ಹೋದದ್ದಕ್ಕೆ ವಿ.ಸಿ. ಬಂತು ಅಂತ ಬರೆದರೆ ತಪ್ಪು.

ವಿ.ಸಿ. ಬಂದದ್ದು ಫ್ರಾನ್ಸ್‌ನ ಸೋಮ್ ಕದನಕ್ಕೆ. 1916ರ ಜುಲೈ 1ರ ಒಂದೇ ದಿನ ಬ್ರಿಟಿಷ್ ಸೇನೆಯಲ್ಲಿ ಸುಮಾರು 57,000 ಸೈನಿಕರು ಸತ್ತರು, ಗಾಯಗೊಂಡರು ಇಲ್ಲವೇ ಕಾಣೆಯಾದರು. ಅದರ ಮರುದಿನ ಮತ್ತು ಜುಲೈ 3ರಂದು ಲಾ ಬುವಾಸೆಲ್ ಹಳ್ಳಿಯಲ್ಲಿ ಇವರು ಗ್ಲಾಸ್ಟರ್‌ಶೈರ್ ರೆಜಿಮೆಂಟಿನ 8ನೇ ಬೆಟಾಲಿಯನ್ ನಡೆಸುತ್ತಿದ್ದರು. ಉಳಿದ ಮೂರು ಬೆಟಾಲಿಯನ್‌ಗಳ ಕಮಾಂಡರ್‌ಗಳು ಬಿದ್ದಾಗ ಆ ಮೂರನ್ನೂ ಇವರೇ ವಹಿಸಿಕೊಂಡು, ಗೆದ್ದ ನೆಲ ಕೈತಪ್ಪದಂತೆ ನೋಡಿಕೊಂಡರು, ಶೆಲ್ ಸುರಿಮಳೆಯ ನಡುವೆಯೇ ಓಡಾಡಿ ಸರಬರಾಜು ಹೊಂದಿಸಿದರು ಅಂತ ಅಧಿಕೃತ ಪ್ರಕಟಣೆ ಹೇಳುತ್ತದೆ. ಹಲ್ಲಿನಿಂದ ಗ್ರೆನೇಡಿನ ಪಿನ್ ಎಳೆದರು ಅನ್ನೋ ಜನಪ್ರಿಯ ಕಥೆ ಅದರಲ್ಲಿ ಇಲ್ಲವೇ ಇಲ್ಲ. ನನಗಂತೂ ಆ ಪಿನ್‌ಗಿಂತ ನಾಲ್ಕು ಬೆಟಾಲಿಯನ್‌ಗಳನ್ನು ಒಬ್ಬರೇ ಹಿಡಿದಿಟ್ಟದ್ದೇ ದೊಡ್ಡದು ಅನ್ನಿಸುತ್ತದೆ.

ಅದೇ ಪ್ರಕಟಣೆಯಲ್ಲಿ ಅವರನ್ನು ಕ್ಯಾಪ್ಟನ್, ತಾತ್ಕಾಲಿಕ ಲೆಫ್ಟಿನೆಂಟ್ ಕರ್ನಲ್ ಅಂತ ಬರೆದಿದೆ. ಎರಡೂ ಸರಿ. ಯುದ್ಧಕಾಲದಲ್ಲಿ ಕೆಲಸ ನೋಡಿ ಮೇಲಿನ ದರ್ಜೆ ಕೊಡುತ್ತಿದ್ದರು, ಕಾಯಂ ದರ್ಜೆ ಹಳೆಯದೇ ಇರುತ್ತಿತ್ತು. ಬೇರೆ ಬೇರೆ ಕಡೆ ಬೇರೆ ದರ್ಜೆ ಕಂಡರೆ ಗಾಬರಿ ಬೇಡ.

ಸಿ.ಎಂ.ಜಿ. ಮತ್ತು ಸಿ.ಬಿ. ಬೇರೆ ಜಾತಿಯವು. ಇವು ಒಂದು ದಿನದ ಸಾಹಸಕ್ಕಲ್ಲ, ಸೇವೆಗೆ ಕೊಡುವ ಗೌರವ. ನಮ್ಮಲ್ಲಿ ಪರಮ ವೀರ ಚಕ್ರ ಬೇರೆ, ಪರಮ ವಿಶಿಷ್ಟ ಸೇವಾ ಪದಕ ಬೇರೆ ಅಲ್ವಾ, ಹಾಗೆ. ಇವೆರಡರಲ್ಲೂ ಮೊದಲ ಅಕ್ಷರ 'ಸಿ' ಅಂದರೆ ಕಂಪ್ಯಾನಿಯನ್, ಅಂದರೆ ಆ ಗೌರವದ ಕೆಳಗಿನ ಮೆಟ್ಟಿಲು. 'ಕೆ' ಇದ್ದರೆ ನೈಟ್. 1943ರಿಂದ ಚೀನಾದಲ್ಲಿ ಚರ್ಚಿಲ್ ಅವರ ಪ್ರತಿನಿಧಿಯಾಗಿ ಅಲ್ಲಿನ ನಾಯಕ ಚಿಯಾಂಗ್ ಕೈ-ಶೇಕ್ ಜೊತೆ ವ್ಯವಹರಿಸುತ್ತಿದ್ದಾಗ, 1945ರಲ್ಲಿ ಕೆ.ಬಿ.ಇ. ಬಂತು. 'ಸರ್' ಆದದ್ದು ಆಗಲೇ. ವಿ.ಸಿ. ಎಷ್ಟೇ ದೊಡ್ಡದಾದರೂ ಅದರಿಂದ ಯಾರೂ 'ಸರ್' ಆಗುವುದಿಲ್ಲ. ಇದನ್ನು ಅಡಿಗೆರೆ ಹಾಕಿಟ್ಟುಕೊಳ್ಳಿ.

ಸಾಲಿನಲ್ಲಿ ಕಾಣದ ಸಂಗತಿಗಳೂ ಇವೆ. 1940ರಲ್ಲಿ ನಾರ್ವೆಯ ನಾಮ್ಸೋಸ್‌ನಲ್ಲಿ ಪಡೆ ನಡೆಸಿದ್ದು, 1941ರಲ್ಲಿ ವಿಮಾನ ಲಿಬಿಯಾ ಕಡಲಿಗೆ ಬಿದ್ದು ಇಟಲಿಯವರಿಗೆ ಸೆರೆಸಿಕ್ಕಿದ್ದು, 1943ರಲ್ಲಿ ಫ್ಲಾರೆನ್ಸ್ ಹತ್ತಿರದ ವಿಂಚಿಲ್ಯಾಟಾ ಕೋಟೆಯಿಂದ ಸುರಂಗ ತೋಡಿ ತಪ್ಪಿಸಿಕೊಂಡು ಎಂಟು ದಿನ ಓಡಾಡಿ ಮತ್ತೆ ಸಿಕ್ಕಿಬಿದ್ದದ್ದು, ಯಾವುದಕ್ಕೂ ಹೆಸರಿನ ಕೊನೆಗೆ ಅಕ್ಷರ ಇಲ್ಲ. ವಿದೇಶಿ ಗೌರವಗಳ ಅಕ್ಷರಗಳನ್ನೂ ಬ್ರಿಟನ್‌ನಲ್ಲಿ ಹೀಗೆ ಸೇರಿಸುವುದಿಲ್ಲ. ಹಾಗಾಗಿ ಪೋಲೆಂಡ್ ಕೊಟ್ಟ ವಿರ್ತೂತಿ ಮಿಲಿತಾರಿ, ಬೆಲ್ಜಿಯಂನ ಕ್ರಾ ದ ಗೇರ್ ಅನ್ನೋ ಎರಡು ಸೇನಾ ಗೌರವಗಳನ್ನೂ ನೋಟ್ಸ್‌ನಲ್ಲಿ ಬೇರೆಯಾಗಿ ಬರೆದುಕೊಳ್ಳಬೇಕು.