ಹಳೇ ವಿದೇಶಿ ರಿವಾಲ್ವರ್‌ಗೆ ಎಷ್ಟು ಕೊಡಬಹುದು?

ಪ್ರಶ್ನೆ: ನನಗೆ ಈಚೆಗೆ ಲೈಸೆನ್ಸ್ ಸಿಕ್ಕಿದೆ. ಪರಿಚಯದವರ ಹತ್ತಿರ ಅವರ ತಂದೆಯ ಕಾಲದ .32 ವಿದೇಶಿ ರಿವಾಲ್ವರ್ ಇದೆ. ಕಾನ್ಪುರದ ಸರ್ಕಾರಿ ಕಾರ್ಖಾನೆಯ ಹೊಸ ರಿವಾಲ್ವರ್‌ನ ನಾಲ್ಕು ಪಟ್ಟು ಬೆಲೆ ಹೇಳುತ್ತಿದ್ದಾರೆ. ಇದು ನ್ಯಾಯವಾದ ಬೆಲೆಯೇ? ತೋಟಕ್ಕೆ, ಪೇಟೆಗೆ ಹೋಗುವಾಗ ಜೊತೆಗಿಟ್ಟುಕೊಳ್ಳಲು ಸರಿಹೋಗುತ್ತದೆಯೇ?

ಉತ್ತರ: ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕ ಇಟ್ಟಿಲ್ಲ. ಊರು ಬೇರೆ ಇರುತ್ತದೆ, ನಾಲ್ಕು ಪಟ್ಟು ಅನ್ನುವ ಕಡೆ ಮೂರೋ ಐದೋ ಇರುತ್ತದೆ, ಅಷ್ಟೇ. ಆದ್ದರಿಂದ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಜೊತೆಗಿಟ್ಟುಕೊಂಡು ಓಡಾಡಲು ಬೇಕು ಅಂತಾದರೆ ಆ ಬೆಲೆ ಕೊಡಬೇಡಿ. ಅಪರೂಪದ ವಸ್ತು ಮನೆಯಲ್ಲಿರಲಿ ಎಂಬ ಆಸೆಯಿದ್ದರೆ, ಅದು ನಿಮ್ಮ ದುಡ್ಡು, ನಿಮ್ಮ ಆಸೆ. ಆದರೆ ಇವೆರಡನ್ನೂ ಒಂದೇ ಅಂದುಕೊಳ್ಳಬೇಡಿ.

ಇಷ್ಟಕ್ಕೆ ಯಾರೂ ಒಪ್ಪುವುದಿಲ್ಲ. "ಅಷ್ಟು ಬೆಲೆ ಇದೆ ಅಂದ್ಮೇಲೆ ಮಾಲು ಚೆನ್ನಾಗೇ ಇರ್ಬೇಕಲ್ವಾ?" ಎಂಬ ಮಾತು ಬಂದೇ ಬರುತ್ತದೆ. ಇಲ್ಲ. ಈ ಒಂದು ನಂಬಿಕೆಯಿಂದ ಎಷ್ಟು ಜನ ಲಕ್ಷಗಟ್ಟಲೆ ಕಳೆದುಕೊಂಡಿದ್ದಾರೆ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ. ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

1980ರ ದಶಕದ ನಡುವಿನಿಂದ ನಮ್ಮ ದೇಶದಲ್ಲಿ ಸಾಮಾನ್ಯ ಜನ ವಿದೇಶಿ ರಿವಾಲ್ವರ್ ತರಿಸಿಕೊಳ್ಳುವ ದಾರಿ ಹೆಚ್ಚುಕಡಿಮೆ ಮುಚ್ಚಿದೆ. ಹೆಸರಾಂತ ಶೂಟರ್‌ಗಳಿಗೆ ಬೇರೆ ನಿಯಮವಿದೆ, ಅದು ಬಿಡಿ. ಅಂದರೆ ಅದಕ್ಕೂ ಮೊದಲು ಬಂದ ರಿವಾಲ್ವರ್‌ಗಳೇ ಕೈಯಿಂದ ಕೈಗೆ ಸುತ್ತುತ್ತಿವೆ. ಹೊಸದು ಬರುವುದಿಲ್ಲ, ಕೊಳ್ಳುವವರು ಕಡಿಮೆಯಾಗುವುದಿಲ್ಲ. ಬೆಲೆ ಏರದೆ ಇನ್ನೇನಾಗುತ್ತದೆ? ಇಲ್ಲಿ ಲಕ್ಷಗಳಲ್ಲಿ ಮಾರುವ ಎಷ್ಟೋ ರಿವಾಲ್ವರ್‌ಗಳು ಅಮೆರಿಕದ ಹಳೇ ಸಾಮಾನಿನ ಅಂಗಡಿಯಲ್ಲಿ ಮೂಲೆಯ ಗಾಜಿನ ಪೆಟ್ಟಿಗೆಯಲ್ಲಿ ಬಿದ್ದಿರುವಂಥವು. ನೀವು ಕೊಡುವುದು ಉಕ್ಕಿನ ಬೆಲೆಯಲ್ಲ, ಮುಚ್ಚಿದ ಬಾಗಿಲಿನ ಬೆಲೆ.

ಇನ್ನು "ವಿದೇಶಿ" ಎಂಬ ಒಂದೇ ಪದದ ಒಳಗೆ ಏನೇನಿದೆ ನೋಡಿ. ಬರ್ಮಿಂಗ್‌ಹ್ಯಾಮ್‌ನ ವೆಬ್ಲಿ ಇದೆ. ಅಮೆರಿಕದ ಸ್ಮಿತ್ ಅಂಡ್ ವೆಸನ್, ಕೋಲ್ಟ್ ಇವೆ. ಇವು ಒಳ್ಳೆಯ ಕೆಲಸಗಾರರ ಕೈಯಿಂದ ಬಂದವು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೆಲ್ಜಿಯಂನ ಲಿಯೇಜ್, ಸ್ಪೇನ್‌ನ ಐಬಾರ್ ಪಟ್ಟಣಗಳಿಂದ ನೂರು ವರ್ಷದ ಹಿಂದೆ ರಾಶಿ ರಾಶಿ ಅಗ್ಗದ ನಕಲುಗಳೂ ಹೊರಟವು. ಮೆದುವಾದ ಉಕ್ಕು, ಬೇಗ ಸವೆಯುವ ಒಳಭಾಗ. ಅವುಗಳಲ್ಲಿ ಎಷ್ಟೋ ನಳಿಗೆಗಳ ಮೇಲೆ ಇಂಥ ಸ್ಮಿತ್ ಅಂಡ್ ವೆಸನ್ ತೋಟಾ ಬಳಸಿ ಎಂಬ ಅರ್ಥದ ಬರಹ ಕೆತ್ತಿರುತ್ತದೆ. ಅದು ತೋಟಾದ ಹೆಸರು. ನಮ್ಮವರು ಅದನ್ನು ರಿವಾಲ್ವರ್‌ನ ಹೆಸರು ಅಂತ ಓದುತ್ತಾರೆ. ಒಬ್ಬ ಕಾಫಿ ಬೆಳೆಗಾರರು ಇಂಥದ್ದೊಂದನ್ನು ವೆಲ್ವೆಟ್ ಬಟ್ಟೆಯಲ್ಲಿ ಸುತ್ತಿ ತಂದು ತೋರಿಸಿದ್ದರು. ಅಮೆರಿಕದ್ದು ಅಂತಲೇ ಹತ್ತು ವರ್ಷ ಜೋಪಾನ ಮಾಡಿದ್ದರು. ತಿರುಗಿಸಿ ನೋಡಿದರೆ ಪ್ರೂಫ್ ಮುದ್ರೆ, ಅಂದರೆ ಆಯುಧವನ್ನು ಪರೀಕ್ಷೆ ಮಾಡಿದ ಕಡೆ ಒತ್ತುವ ಗುರುತು, ಸ್ಪೇನಿನದು. ಅವರ ಮುಖ ನೋಡಿ ನನಗೇ ಸಂಕಟವಾಯಿತು. ಆದ್ದರಿಂದ ಹೆಸರು ಓದುವ ಮೊದಲು ಪ್ರೂಫ್ ಮುದ್ರೆ ಓದಿ. ಬರ್ಮಿಂಗ್‌ಹ್ಯಾಮ್‌ನ ಪ್ರೂಫ್ ಹೌಸ್ 1813ರಿಂದ ಇದೆ. ಅಲ್ಲಿಯ ಮುದ್ರೆ, ಲಿಯೇಜಿನದು, ಐಬಾರಿನದು ಎಲ್ಲವೂ ಬೇರೆ ಬೇರೆ. ತಿಳಿದ ಅಂಗಡಿಯವರು ಒಂದು ನಿಮಿಷದಲ್ಲಿ ಹೇಳುತ್ತಾರೆ.

ಸರಿ, ನಿಮ್ಮದು ನಿಜವಾದ ಸ್ಮಿತ್ ಅಂಡ್ ವೆಸನ್ನೇ ಅಂತಿಟ್ಟುಕೊಳ್ಳಿ. ಆಗಲೂ ಒಂದು ತೊಡಕಿದೆ. ಹಳೇ ರಿವಾಲ್ವರ್ ಕೈಜಾರಿ, ಹ್ಯಾಮರ್ (ಹಿಂದಿರುವ, ಗುಂಡಿಗೆ ಹೊಡೆಯುವ ಸುತ್ತಿಗೆಯಂಥ ಭಾಗ) ನೆಲಕ್ಕೆ ಬಡಿಯುವಂತೆ ಬಿದ್ದರೆ ಗುಂಡು ಹಾರಬಹುದು. ಕೋಲ್ಟ್ ಕಂಪನಿ ಇದಕ್ಕೆ 20ನೇ ಶತಮಾನದ ಮೊದಲ ದಶಕದಲ್ಲೇ ಒಳಗೊಂದು ತಡೆ ಇಟ್ಟಿತು. ಸ್ಮಿತ್ ಅಂಡ್ ವೆಸನ್‌ನವರೂ ಒಂದು ತಡೆ ಇಟ್ಟಿದ್ದರು, ಆದರೆ ಅದು ಸಾಲದೆ ಹೋಯಿತು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ನೌಕಾಪಡೆಯ ಹಡಗಿನಲ್ಲಿ ಅವರ ರಿವಾಲ್ವರ್ ಒಂದು ಕೆಳಗೆ ಬಿದ್ದು, ಗುಂಡು ಹಾರಿ ನಾವಿಕನೊಬ್ಬ ಸತ್ತ. 1944ರ ಕೊನೆಗೆ ಹೊಸ ಬಗೆಯ ತಡೆ, ಹ್ಯಾಮರ್ ಬ್ಲಾಕ್, ಬಂತು. ಅದಕ್ಕೂ ಹಳೆಯದು ನಿಮ್ಮ ಕೈಗೆ ಬಂದರೆ ಹ್ಯಾಮರ್ ಎದುರಿನ ಮನೆ, ಅಂದರೆ ಗುಂಡು ಕೂರುವ ತೂತು, ಖಾಲಿ ಬಿಟ್ಟೇ ಇಟ್ಟುಕೊಳ್ಳಬೇಕು. ಆರು ಗುಂಡಿನದರಲ್ಲಿ ಐದೇ. ನಾಲ್ಕು ಪಟ್ಟು ದುಡ್ಡು ಕೊಟ್ಟು ಒಂದು ಗುಂಡು ಕಡಿಮೆ, ಜೊತೆಗೆ ಬೀಳುವ ಭಯ. ಇದನ್ನೇ ಮೇಲ್ದರ್ಜೆ ಅನ್ನುವುದಾ?

ಕಾನ್ಪುರದ್ದರ ಬಗ್ಗೆ ಜನರಿಗೆ ಯಾಕೋ ತಾತ್ಸಾರ. ಅದರ ಹಳೇ ಮಾದರಿ ವೆಬ್ಲಿಯ ಮಾರ್ಕ್ 4 ರೂಪದಲ್ಲೇ ಮಾಡಿದ್ದು, ನಳಿಗೆ ಮುರಿದು, ಅಂದರೆ ಕೀಲಿನಲ್ಲಿ ಕೆಳಕ್ಕೆ ಬಗ್ಗಿಸಿ, ಗುಂಡು ತುಂಬುವಂಥದ್ದು. 2014ರಲ್ಲಿ ಹಗುರವಾದ ನಿರ್ಭೀಕ್ ಬಂತು, ಆಗ ಅದರ ಬೆಲೆ ಸುಮಾರು 1.22 ಲಕ್ಷ. 2023ರಲ್ಲಿ ಪ್ರಬಲ್ ಬಂತು, ಅದರ ಸಿಲಿಂಡರ್, ಅಂದರೆ ಗುಂಡು ತುಂಬುವ ತಿರುಗುವ ಉರುಳೆ, ಪಕ್ಕಕ್ಕೆ ತೆರೆಯುತ್ತದೆ. ಮುಖ್ಯ ವಿಷಯ ಏನೆಂದರೆ ಇವಕ್ಕೆ ಬಿಡಿಭಾಗ ಸಿಗುತ್ತದೆ. ವಿದೇಶಿ ರಿವಾಲ್ವರ್‌ನ ಒಂದು ಸ್ಪ್ರಿಂಗ್ ಮುರಿದರೆ ಯಾರಾದರೂ ಕೈಯಲ್ಲೇ ಅರದಿಂದ ತಿಕ್ಕಿ ಮಾಡಬೇಕು. ಅಂಥ ಕೈಗಳು ಈಗ ಎಷ್ಟಿವೆ?

ಬೆಲೆ ಲೆಕ್ಕ ಹಾಕುವುದು ಹೀಗೆ. ಹೊಸ ದೇಶಿ ರಿವಾಲ್ವರ್‌ಗೆ ಇವತ್ತು ಅಂಗಡಿಯಲ್ಲಿ ಎಷ್ಟು ಅಂತ ಕೇಳಿ. ಬಳಸಲು ಕೊಳ್ಳುವ ಯಾವ ಹಳೇ ರಿವಾಲ್ವರ್‌ಗೂ ಅದೇ ಮೇಲಿನ ಗೆರೆ. ಅಲ್ಲಿಂದ ಸವೆತಕ್ಕೆ, ರಿಪೇರಿಗೆ ಕಳೆಯುತ್ತಾ ಬನ್ನಿ. ಗೆರೆಯ ಮೇಲೆ ಕೊಟ್ಟ ಪ್ರತಿ ರೂಪಾಯಿಯೂ ಹೆಸರಿಗೆ, ಅಪರೂಪಕ್ಕೆ.

ಸವೆತ ನೋಡುವುದು ಕಷ್ಟವಲ್ಲ. ಲೈಸೆನ್ಸ್ ಇರುವ ಅಂಗಡಿಯಲ್ಲೇ ನೋಡಿ. ಮೊದಲು ತೆರೆದು, ಎಲ್ಲ ಮನೆಗಳೂ ಖಾಲಿ ಅಂತ ಕಣ್ಣಲ್ಲೂ ಬೆರಳಲ್ಲೂ ಖಾತ್ರಿ ಮಾಡಿಕೊಳ್ಳಿ. ಆಮೇಲೆ ಹ್ಯಾಮರ್ ಅನ್ನು ತೀರಾ ನಿಧಾನವಾಗಿ ಹಿಂದಕ್ಕೆ ಎಳೆಯಿರಿ. ಹ್ಯಾಮರ್ ನಿಲ್ಲುವಷ್ಟರಲ್ಲಿ ಸಿಲಿಂಡರ್ ಟಕ್ ಎಂದು ಕೂತಿರಬೇಕು. ಕೂರದಿದ್ದರೆ ಗುಂಡು ನಳಿಗೆಯ ಬಾಯಿಗೆ ನೇರ ಹೋಗದೆ ಅಂಚಿಗೆ ಸವರಿಕೊಂಡು ಹೋಗುತ್ತದೆ, ಸೀಸದ ಚೂರು ಪಕ್ಕಕ್ಕೆ ಸಿಡಿಯುತ್ತದೆ. ಆರೂ ಮನೆಗಳಿಗೂ ಇದನ್ನೇ ಮಾಡಿ. ಒಂದಕ್ಕೆ ಮಾಡಿ ಬಿಡುವವರೇ ಜಾಸ್ತಿ, ಕೆಟ್ಟಿರುವುದು ಐದನೆಯದಾಗಿರುತ್ತದೆ. ಹ್ಯಾಮರ್ ಎಳೆದು ನಿಂತಾಗ ಹೆಬ್ಬೆರಳಲ್ಲಿ ಮುಂದಕ್ಕೆ ಒತ್ತಿ. ಜಾರಿ ಬಿದ್ದರೆ ಆ ರಿವಾಲ್ವರ್ ಕೆಳಗಿಟ್ಟು ಎದ್ದು ಬನ್ನಿ, ಚೌಕಾಸಿ ಮಾಡಬೇಡಿ.

ಸಿಲಿಂಡರ್ ಮತ್ತು ನಳಿಗೆಯ ನಡುವಿನ ಸಂದಿಯನ್ನು ಗ್ಯಾರೇಜಿನವರು ಬಳಸುವ ಫೀಲರ್ ಗೇಜಿನಿಂದಲೇ ಅಳೆಯಬಹುದು. 0.10ರಿಂದ 0.25 ಮಿಲಿಮೀಟರ್ ಒಳಗಿದ್ದರೆ ಚಿಂತೆಯಿಲ್ಲ. ನಳಿಗೆ ಮುರಿಯುವ ಮಾದರಿಯಾದರೆ ಮೇಲಿನ ಕೊಂಡಿ, ಕೆಳಗಿನ ಕೀಲು ಎರಡೂ ಅಲುಗಾಡಬಾರದು. ನಳಿಗೆಯೊಳಗೆ ಬೆಳಕು ಬಿಟ್ಟು ನೋಡಿ. ತುಕ್ಕಿನ ಗುಳಿ ಸ್ವಲ್ಪ ಇದ್ದರೆ ಬೆಲೆ ಇಳಿಸಬಹುದು. ಆದರೆ ಉಂಗುರದ ಹಾಗೆ ಕಪ್ಪು ನೆರಳು ಕಂಡರೆ ಎಂದೋ ಗುಂಡು ಒಳಗೇ ಸಿಕ್ಕಿಕೊಂಡು, ಹಿಂದಿನಿಂದ ಇನ್ನೊಂದು ಹಾರಿ ನಳಿಗೆ ಉಬ್ಬಿದೆ ಎಂದರ್ಥ. ಅದು ಬೇಡವೇ ಬೇಡ. ಹೊಳಪಿಗೆ ಮರುಳಾಗಬೇಡಿ. ಅಕ್ಷರಗಳ ಅಂಚು ಕರಗಿದಂತಿದ್ದು ಮೈ ಮಾತ್ರ ಕನ್ನಡಿಯಂತಿದ್ದರೆ, ಉಜ್ಜಿ ಹೊಸ ಬಣ್ಣ ಕೊಟ್ಟಿದ್ದಾರೆ.

ಜೊತೆಗಿಟ್ಟುಕೊಳ್ಳುವ ವಿಷಯ ಬೇಗ ಮುಗಿಸುತ್ತೇನೆ. ಇಡೀ ದಿನ ಸೊಂಟದಲ್ಲಿ ಭಾರವಾಗದಿರಬೇಕು. ಹ್ಯಾಮರ್ ಮುಟ್ಟದೆ ಬರೀ ಟ್ರಿಗರ್ ಎಳೆದಾಗ ಕೈ ನಡುಗಬಾರದು. ಕರಾವಳಿಯ ಸೆಕೆಗೆ, ಮಲೆನಾಡಿನ ಮಳೆಗೆ ಚರ್ಮದ ಚೀಲದೊಳಗೇ ತುಕ್ಕು ಹಿಡಿಯುತ್ತದೆ, ಹಾಗಾಗಿ ರಾತ್ರಿ ತೆಗೆದು ಒರೆಸಿಡಿ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಅದು ಹೋಲ್‌ಸ್ಟರ್‌ನಂಥ ಚೀಲದಲ್ಲಿ, ಪೂರ್ತಿ ಮುಚ್ಚಿರಬೇಕು. ಮದುವೆ ಮನೆಯಲ್ಲಿ ಅಂಗಿ ಸರಿಸಿ ತೋರಿಸುವುದಕ್ಕಲ್ಲ ಅದು. ಬೋರ್, ಅಂದರೆ .32ರಂಥ ನಳಿಗೆಯ ಒಳಗಾತ್ರ, ಅದನ್ನೂ ಲೈಸೆನ್ಸ್‌ನಲ್ಲಿ ಓದಿಕೊಳ್ಳಿ. .32 ಸಾಮಾನ್ಯ ಲೈಸೆನ್ಸಿಗೆ ಸಿಗುತ್ತದೆ. ಯಾರಾದರೂ .38 ಅಥವಾ .455 ವೆಬ್ಲಿ ತೋರಿಸಿದರೆ ಅದು ನಿಷೇಧಿತ ಬೋರ್, ಬೆಲೆ ಎಷ್ಟೇ ಕಡಿಮೆಯಾದರೂ ಮುಟ್ಟಬೇಡಿ.

ನೀವು ಕೇಳಿಲ್ಲ, ಆದರೂ ಹೇಳಲೇಬೇಕು. "ಅವರ ತಂದೆಯ ಕಾಲದ್ದು" ಅಂತ ಬರೆದಿದ್ದೀರಿ. ತಂದೆ ಇದ್ದಾರಾ? ತೀರಿಕೊಂಡಿದ್ದರೆ ಆ ರಿವಾಲ್ವರ್ ಈಗ ಯಾರ ಲೈಸೆನ್ಸ್‌ನಲ್ಲಿದೆ? ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಯಜಮಾನರು ಹೋದ ಮೇಲೆ ಅದು ಬೀರುವಿನಲ್ಲಿ, ಸೀರೆಗಳ ಕೆಳಗೆ ಸುಮ್ನೆ ಕೂತಿರುತ್ತದೆ. ಮನೆಯವರಿಗೆ ಕೆಟ್ಟ ಉದ್ದೇಶವೇನೂ ಇರುವುದಿಲ್ಲ. ಆದರೆ ಲೈಸೆನ್ಸ್ ಇಲ್ಲದವರ ಕೈಯಲ್ಲಿ ಅದು ಅಪರಾಧದ ವಸ್ತು. 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ತಡಮಾಡದೆ ಹತ್ತಿರದ ಪೊಲೀಸ್ ಠಾಣೆಗೋ ಲೈಸೆನ್ಸ್ ಇರುವ ಅಂಗಡಿಗೋ ಒಪ್ಪಿಸಿ ರಸೀದಿ ಪಡೆಯಬೇಕು. ಆಮೇಲೆ ವಾರಸುದಾರರು ತಮ್ಮ ಹೆಸರಿಗೆ ಲೈಸೆನ್ಸ್ ಕೇಳಬಹುದು. ತಂದೆ ಬದುಕಿರುವಾಗಲೇ ಮಾಡಿಸುವ ದಾರಿಯೂ ಇದೆ. ಅವರಿಗೆ 70 ವರ್ಷ ತುಂಬಿದ್ದರೆ, ಅಥವಾ ಆ ಆಯುಧ 25 ವರ್ಷ ಅವರ ಬಳಿ ಇದ್ದಿದ್ದರೆ, ವಾರಸುದಾರರಲ್ಲಿ ಒಬ್ಬರನ್ನು ಹೆಸರಿಸಬಹುದು. ಎಷ್ಟೋ ಮನೆಯವರಿಗೆ ಇದು ಗೊತ್ತೇ ಇಲ್ಲ.

ಖಾಸಗಿಯಾಗಿ ಮಾರುವವರು ಕೊಳ್ಳುವವರ ಹೆಸರು, ವಿಳಾಸ ಬರೆದು ಜಿಲ್ಲಾ ಮ್ಯಾಜಿಸ್ಟ್ರೇಟ್‌ಗೆ ಅಥವಾ ಹತ್ತಿರದ ಠಾಣೆಗೆ ತಿಳಿಸಬೇಕು. 45 ದಿನ ಕಳೆದ ಮೇಲಷ್ಟೇ ಕೈ ಬದಲಾಗಬಹುದು. ನಿಮ್ಮ ಪರಿಚಯದವರು "ಇವತ್ತೇ ತಗೊಂಡು ಹೋಗಿ, ಪೇಪರ್ ಆಮೇಲೆ ಮಾಡೋಣ" ಅಂದರೆ ಬೇಡ ಅನ್ನಿ. ಅವರ ಲೈಸೆನ್ಸ್ ಪುಸ್ತಕ ಕೇಳಿ ತೆಗೆದುಕೊಂಡು, ಅದರಲ್ಲಿರುವ ನಂಬರನ್ನು ರಿವಾಲ್ವರ್ ಮೇಲಿನ ನಂಬರಿನ ಪಕ್ಕ ಹಿಡಿದು ಒಂದೊಂದೇ ಅಂಕಿ ತಾಳೆ ನೋಡಿ. ಬೆಲೆಯ ಮಾತು ಅದಾದ ಮೇಲೆ.